ಸಿಂಫನಿಯ ಕೊನೆಯ ಒಂದೂವರೆ ನಿಮಿಷ

ನನ್ನ ಮಗಳು ಮೈಥಿಲಿ ನೊಯಿಡಾದ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ಹೊಸದಾಗಿ ಇಬ್ಬರು ಕನ್ನಡದ ಹುಡುಗಿಯರು ಸೇರಿದ್ದಾರೆ. ಧ್ವನಿಮುದ್ರಣ ಹೊರಗೆ ಹೋಗುವ ಮುಂಚೆ ಕೂತು ಕೇಳಿ ತಪ್ಪು ಹುಡುಕುವುದು ಅವರ ಕೆಲಸ. ಒಂದು ಭಾನುವಾರ ನಮ್ಮ ಮನೆಗೆ ಉಪ್ಪಿಟ್ಟು ತಿನ್ನಲು ಬಂದವರು, "ಆಂಟಿ, ಇದೇ ಕೆಲಸಾನ ನೀವು ಮೂವತ್ತು ವರ್ಷ ಮಾಡಿದ್ರಂತೆ. ಬೋರ್ ಆಗ್ಲಿಲ್ವಾ?" ಎಂದು ಕೇಳಿದರು. ಆಗ ನಕ್ಕು ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದೆ. ಉತ್ತರ ಈಗ ಬರೆಯುತ್ತಿದ್ದೇನೆ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ನನಗೆ ಸಿಕ್ಕಿದ್ದು ಒಂದೇ ಬಡ್ತಿ. ಅದು ಸಿಕ್ಕಿದ ರೀತಿ ಹೇಗಿದ್ದರೂ ಮುಂದೆ ಬರುತ್ತದೆ, ಬರಲಿ. ಫರೀದಾಬಾದಿನ ಆ ಕ್ಯಾಸೆಟ್ ಕಾರ್ಖಾನೆಯ ಹೆಸರನ್ನೂ ಬರೆಯುವುದಿಲ್ಲ. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಆ ಕಟ್ಟಡದಲ್ಲಿ ಈಗ ಬಚ್ಚಲುಮನೆಯ ನಲ್ಲಿಗಳನ್ನು ಪೇರಿಸಿಟ್ಟಿದ್ದಾರೆ. ಈ ಬರಹಕ್ಕೆ ಕಾರಣವಾದ ಸಿಂಫನಿಯ ಹೆಸರು ಹೇಳಿದರೆ ಕಾರ್ಖಾನೆ ಯಾವುದೆಂದು ಹಳಬರಿಗೆ ತಟ್ಟನೆ ಹೊಳೆಯುತ್ತದೆ, ಅದಕ್ಕೇ ಅದೂ ಬೇಡ. ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ಬರೆದದ್ದು, ನಾಲ್ಕು ಭಾಗ, ಪೂರ್ತಿ ನುಡಿಸಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಇಷ್ಟು ಗೊತ್ತಿದ್ದರೆ ಸಾಕು.

ಆಗ ನಮ್ಮ ಯಜಮಾನರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು, ನಮ್ಮ ಮನೆ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ. ಕಾರ್ಖಾನೆಯ ಬಸ್ಸು ಬೆಳಿಗ್ಗೆ ಏಳಕ್ಕೆ ಬರುತ್ತಿತ್ತು. ಬದರ್‌ಪುರ ದಾಟುವಷ್ಟರಲ್ಲಿ ಬಸ್ಸಿನ ಅರ್ಧ ಹೆಂಗಸರು ನಿದ್ದೆ, ಉಳಿದರ್ಧ ಉಲ್ಲನ್ ಹೆಣಿಗೆ. ಕೇಳುವ ಕೋಣೆಯಲ್ಲಿ ನಾವು ಎಂಟು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದೆವು. ಕಿವಿ ಟೇಪಿಗೆ, ಕೈ ಸ್ವೆಟರಿಗೆ. ಹೆಣೆಯುವ ಕೈಗಳನ್ನು ಯಾರೂ ಬೈಯುತ್ತಿರಲಿಲ್ಲ, ಯಾಕೆಂದರೆ ಕೈಗೆ ಕೆಲಸವಿದ್ದರೆ ನಿದ್ದೆ ಬರುವುದಿಲ್ಲ ಎಂದು ನಮ್ಮ ಮೇಲಧಿಕಾರಿ ಸೇಠಿ ಸಾಹೇಬರು ಕಂಡುಕೊಂಡಿದ್ದರು.

ಸೇಠಿ ಸಾಹೇಬರು ನಲವತ್ತೈದರ ಆಸುಪಾಸಿನ ಪಂಜಾಬಿ. ಯಾವಾಗಲೂ ಶಿಳ್ಳೆ ಹಾಕುತ್ತಿದ್ದರು, ಅದೂ ನಮಗೆ ತಲೆಬುಡ ತಿಳಿಯದ ಪಾಶ್ಚಾತ್ಯ ಸಂಗೀತ. ಅವರು ಆಡುತ್ತಿದ್ದದ್ದು ಹಿಂದಿ. ಓದುವವರಿಗೆ ಸುಲಭವಾಗಲೆಂದು ಕನ್ನಡದಲ್ಲೇ ಬರೆಯುತ್ತೇನೆ. ಮೊದಲ ದಿನವೇ ಅವರು ನನಗೆ ಹೇಳಿದ್ದು ಇಷ್ಟು: "ಸುಮಿತ್ರಾ ಜೀ, ಹಾಡು ಕೇಳಬೇಡಿ. ಹಾಡು ಕೇಳೋರು ಹೊರಗಡೆ ಇದ್ದಾರೆ. ನೀವು ಟೇಪು ಕೇಳಿ."

ನಾನು ಅಕ್ಷರಶಃ ಹಾಗೇ ಮಾಡಿದೆ. ಸೇರಿದ ಮೂರನೆಯ ವಾರ ಒಂದು ಭಜನೆಯ ಕ್ಯಾಸೆಟ್ ಬಂತು. ಹಾಕಿದರೆ ಹಿನ್ನೆಲೆಯಲ್ಲಿ ಸಣ್ಣಗೆ ಟಿಣ್ ಎನ್ನುವ ಸದ್ದು. ತಳ್ಳಿದೆ. ಇನ್ನೊಂದು ಹಾಕಿದೆ, ಅದರಲ್ಲೂ ಟಿಣ್. ಮಧ್ಯಾಹ್ನದವರೆಗೆ ನಾನು ಕೇಳಿದ ಒಂದು ಕ್ಯಾಸೆಟ್ಟೂ ಪಾಸಾಗಲಿಲ್ಲ. ಮುದ್ರಿಸುವ ಮಷೀನು ನಿಲ್ಲಿಸಿದರು, ಮೆಕ್ಯಾನಿಕ್ ಬಂದು ಅದರ ಹೊಟ್ಟೆ ಬಗೆದ. ನಾನಂತೂ ಸೇರಿದ ಮೂರೇ ವಾರದಲ್ಲಿ ಇಷ್ಟು ದೊಡ್ಡ ದೋಷ ಹಿಡಿದೆನಲ್ಲ ಎಂದು ಬೀಗುತ್ತಿದ್ದೆ. ಸೇಠಿ ಸಾಹೇಬರು ನನ್ನ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಸದ್ದಿಲ್ಲ. ನನಗೆ ಕೊಟ್ಟರು. ಟಿಣ್. ಮತ್ತೆ ತಾವು ಹಾಕಿಕೊಂಡರು. ಆಮೇಲೆ ನನ್ನ ಕೈ ನೋಡಿದರು. ಹೆಣೆಯುವಾಗ ನನ್ನ ಹಸಿರು ಗಾಜಿನ ಬಳೆಗಳು ಹೆಡ್‌ಫೋನಿನ ವೈರಿಗೆ ತಾಗುತ್ತಿದ್ದವು.

"ಮಷೀನು ಬಿಚ್ಚೋದು ಬೇಡ," ಎಂದರು ಮೆಕ್ಯಾನಿಕ್ಕಿಗೆ. "ಇವರು ಬಳೆ ಬಿಚ್ಚಿದರೆ ಸಾಕು."

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸಂತೋಷ್ (ಹೆಸರು ನೋಡಿ ಗಂಡಸು ಅಂದುಕೊಳ್ಳಬೇಡಿ, ಹರಿಯಾಣದ ಗಟ್ಟಿ ಹೆಂಗಸು) ನಕ್ಕೂ ನಕ್ಕೂ ಹೆಣಿಗೆ ತಪ್ಪಿಸಿಕೊಂಡಳು. ಮರುದಿನ ಗೋಡೆಗೆ ನನಗೆಂದೇ ಒಂದು ಮೊಳೆ ಹೊಡೆಸಿದರು. ಬೆಳಿಗ್ಗೆ ಬಳೆ ತೆಗೆದು ಅದಕ್ಕೆ ಹಾಕುವುದು, ಸಂಜೆ ತೊಟ್ಟುಕೊಂಡು ಬಸ್ಸು ಹತ್ತುವುದು. ಒಮ್ಮೆ ಮರೆತು ಬರಿಗೈಯಲ್ಲಿ ಮನೆಗೆ ಹೋಗಿ ಅತ್ತೆಯವರಿಂದ ಬೈಸಿಕೊಂಡೆ. ಹುಡುಗಿಯರೇ, ನಿಮಗೆ ಮೊದಲು ಹೇಳುವುದು ಇದೇ: ತಪ್ಪು ಕೇಳಿಸಿದರೆ ಮೊದಲು ನಿಮ್ಮ ಕೈ ನೋಡಿಕೊಳ್ಳಿ.

ಪ್ರತಿ ಟೇಪಿಗೂ ಒಂದು ಚೀಟಿ ಇರುತ್ತಿತ್ತು. ಅದರಲ್ಲಿ ಸಮಯ, ಸರಿಯೋ ತಪ್ಪೋ, ನಮ್ಮ ಸಹಿ, ಕೆಳಗೆ ಸಾಹೇಬರ ಸಹಿ. ನಾನು ಅಂಚಿನಲ್ಲಿ ನನ್ನ ನೆನಪಿಗೆ ಒಂದೊಂದು ಕನ್ನಡ ಅಕ್ಷರ ಬರೆದುಕೊಳ್ಳುತ್ತಿದ್ದೆ. ಟಕ್ಕೆನ್ನುವ ಸದ್ದಿಗೆ ಟ, ಸುಯ್ಯೆನ್ನುವುದಕ್ಕೆ ಸು, ವೇಗ ಅಲುಗಿದರೆ ಅ. ಒಂದು ಅಪರೂಪದ ದೋಷಕ್ಕೆ ನೆ. ಅದು ನೆರಳು. ಟೇಪನ್ನು ಬಹಳ ದಿನ ಸುತ್ತಿಟ್ಟರೆ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಅಂಟಿಕೊಳ್ಳುತ್ತದೆ, ಹೊಸ ಸೀರೆಯ ಬಣ್ಣ ಮಡಿಕೆಯ ಪಕ್ಕದ ಸೀರೆಗೆ ಹತ್ತಿದ ಹಾಗೆ. ಹಾಡು ಮುಗಿದ ಮೇಲೆ, ಖಾಲಿ ಇರಬೇಕಾದ ಕಡೆ, ಬಹಳ ದೂರದಿಂದ ಬಂದಂತೆ ಅದೇ ಹಾಡು ಸಣ್ಣಗೆ ಕೇಳಿಸುತ್ತದೆ. ನೆರಳು ಕಂಡರೆ ಹಾಡು ಮುಗಿದ ಜಾಗಕ್ಕೇ ಕತ್ತರಿ ಎಂದು ಸೇಠಿ ಸಾಹೇಬರೇ ಕಲಿಸಿದ್ದರು. ಅಷ್ಟು ಸಣ್ಣ ಸದ್ದು ಹಿಡಿಯುವುದರಲ್ಲಿ ಇಡೀ ಕೋಣೆಯಲ್ಲಿ ನಾನೇ ಮೊದಲಿಗಳು. ಜಂಬದಿಂದ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ತಪ್ಪುಗಳೆಲ್ಲ ಕೆಟ್ಟವೇನೂ ಅಲ್ಲ. ಒಂದು ಬೇಸಿಗೆಯಲ್ಲಿ ಕರೆಂಟಿನ ಏರುಪೇರಿನಿಂದ ಒಂದು ಆರತಿಯ ಮೂಲ ಟೇಪು ಧ್ವನಿಮುದ್ರಣದ ಹೊತ್ತಿನಲ್ಲೇ ತುಸು ವೇಗವಾಗಿ ಓಡಿಹೋಗಿ, ಅದರಿಂದ ಮಾಡಿದ ಕ್ಯಾಸೆಟ್ಟುಗಳೆಲ್ಲ ನಿಧಾನವಾದವು. ಗಾಯಕರ ದನಿ ದಪ್ಪಗಾಗಿ, ಹಾಡಿಗೆ ಎಲ್ಲಿಲ್ಲದ ಗಾಂಭೀರ್ಯ ಬಂತು. ನಮಗೆ ತಪ್ಪು ಗೊತ್ತಾಗುವಷ್ಟರಲ್ಲಿ ಮಾಲು ಅಂಗಡಿಗಳಿಗೆ ಹೋಗಿತ್ತು. ಬೈಗುಳಕ್ಕೆ ಕಾದು ಕೂತೆವು. ಬಂದದ್ದು ಹೊಗಳಿಕೆ. ಸರಿಮಾಡಿದ ಕ್ಯಾಸೆಟ್ ಹೋದ ಮೇಲೆ, ಇದು ನಕಲಿ, ಮೊದಲಿನದೇ ಕಳಿಸಿ ಎಂದು ಅಂಗಡಿಯವರು ಹಟ ಹಿಡಿದರು. ಆ ಗಾಯಕರು ಕಾರ್ಖಾನೆಗೆ ಬಂದಾಗ ತಮ್ಮ ಮಾತಿನ ದನಿಯನ್ನೂ ಸ್ವಲ್ಪ ದಪ್ಪ ಮಾಡಿಕೊಂಡಿದ್ದರು ಎಂದು ಸಂತೋಷ್ ಆಣೆ ಮಾಡಿ ಹೇಳುತ್ತಿದ್ದಳು.

ಈಗ ಸಿಂಫನಿಗೆ ಬರುತ್ತೇನೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದು ಮಾಲೆ ತರಬೇಕೆಂದು ಸೇಠಿ ಸಾಹೇಬರು ಎರಡು ವರ್ಷ ಮೇಲಿನವರ ಬೆನ್ನು ಬಿದ್ದಿದ್ದರು. ಕೊನೆಗೂ ಒಪ್ಪಿಗೆ ಸಿಕ್ಕಿತು. ಮೊದಲು ಬಂದದ್ದು ಇದೇ ಸಿಂಫನಿಯ ಟೇಪು. ಸುರುಳಿಯ ಡಬ್ಬವನ್ನು ಅವರು ಎದೆಗವಚಿಕೊಂಡು ಕೋಣೆಗೆ ತಂದರು. "ಇದನ್ನು ಸುಮಿತ್ರಾ ಜೀ ಮಾತ್ರ ಕೇಳಬೇಕು," ಎಂದು ಹೇಳಿ, ಮನೆಯಲ್ಲಿ ಮದುವೆಯಿದ್ದದ್ದರಿಂದ ಮೂರು ದಿನ ರಜೆ ಹೋದರು.

ನಾನು ಟೇಪು ಕೇಳಿದೆ, ಸಂಗೀತವನ್ನಲ್ಲ. ನಾಲ್ಕನೆಯ ಭಾಗದ ಕೊನೆಯಲ್ಲಿ ಪಿಟೀಲುಗಳು ಸಣ್ಣಗಾಗುತ್ತಾ ಆಗುತ್ತಾ ನಿಂತವು. ಪೂರ್ತಿ ಮೌನ. ಸರಿ, ಮುಗಿಯಿತು ಎಂದು ಸಮಯ ಬರೆದುಕೊಂಡೆ. ಅಷ್ಟರಲ್ಲಿ ಬಹಳ ದೂರದಿಂದ, ಇದೆಯೋ ಇಲ್ಲವೋ ಎನ್ನುವಂತೆ, ಅದೇ ರಾಗದ ಚೂರು. ಮತ್ತೆ ಮೌನ. ಮತ್ತೆ ಒಂದು ಚೂರು. ಇಷ್ಟು ಸ್ಪಷ್ಟವಾದ ನೆರಳನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೊದಲ ಮೌನದ ಹತ್ತಿರ ಮುಕ್ತಾಯ ಎಂದು ಬರೆದು, ಅಂಚಿನಲ್ಲಿ ದೊಡ್ಡದಾಗಿ ನೆ ಹಾಕಿದೆ. ರಜೆಯಿಂದ ಬಂದ ಬೆಳಿಗ್ಗೆ ಸಾಹೇಬರು ಚೀಟಿಗಳ ರಾಶಿಗೆ ಒಂದೇ ಸಮ ಸಹಿ ಹಾಕಿದರು. ಕ್ಯಾಸೆಟ್ಟುಗಳು ಹೊರಟವು. ಅಂದರೆ ಆ ಸಿಂಫನಿಯ ಕೊನೆಯ ಒಂದೂವರೆ ನಿಮಿಷವನ್ನು ನಾನು ನೆರಳೆಂದು ಕತ್ತರಿಸಿ ಎಸೆದಿದ್ದೆ. ಸಂಯೋಜಕ ಇಡೀ ಸಿಂಫನಿ ಬರೆದದ್ದು ಬಹುಶಃ ಆ ಒಂದೂವರೆ ನಿಮಿಷಕ್ಕಾಗಿಯೇ.

ಬೆಟ್ಟದ ಊರೊಂದರ ಶಾಲೆಯ ಸಂಗೀತದ ಮಾಸ್ತರರು ಕಾಗದ ಬರೆದರು. ಬೈಗುಳವಿಲ್ಲ. ರೋಗಿ ಇನ್ನೂ ಉಸಿರಾಡುತ್ತಿರುವಾಗಲೇ ನಿಮ್ಮವರು ಮುಖಕ್ಕೆ ಬಟ್ಟೆ ಮುಚ್ಚಿದ್ದಾರೆ ಎಂದಷ್ಟೇ ಬರೆದಿದ್ದರು. ಕಾಗದ ಮೇಲಿನವರ ಕೈಗೆ ಹೋಯಿತು. ವಿಚಾರಣೆಯ ದಿನ ನಾನು ಕೇಳುವ ಕೋಣೆಯಲ್ಲಿ ಕೂತು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಕಾಯಂ ಆಗುವವರ ಪಟ್ಟಿ ಆಗಷ್ಟೇ ಮೇಲೆ ಹೋಗಿತ್ತು, ಅದರಲ್ಲಿ ನನ್ನ ಹೆಸರಿತ್ತು. ಕರೆ ಬರಲಿಲ್ಲ. ಸಂಜೆ ಸಂತೋಷ್ ಸುದ್ದಿ ತಂದಳು. ಟೇಪು ಕೇಳಿದ್ದು ಯಾರೆಂದು ಮೇಲಿನವರು ವಿಚಾರಿಸಿದ್ದಕ್ಕೆ ಸಾಹೇಬರು ಚೀಟಿ ತೋರಿಸದೆ, "ಸಹಿ ನನ್ನದು, ಕಿವಿಯೂ ನನ್ನದೇ," ಎಂದರಂತೆ. ಮಾಲೆ ಅಲ್ಲಿಗೇ ನಿಂತಿತು. ಅವರನ್ನು ಮಾಲು ಕಳಿಸುವ ಗೋಡೌನಿಗೆ ಹಾಕಿದರು. ಮುಂದೆ ನಿವೃತ್ತಿಯವರೆಗೂ ಅವರು ರಟ್ಟಿನ ಡಬ್ಬಗಳ ನಡುವೆಯೇ ಇದ್ದರು. ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನನಗೆ ಸಿಕ್ಕ ಒಂದೇ ಬಡ್ತಿ ಅದು.

ನಾಳೆ ಹೋಗಿ ಹೇಳುತ್ತೇನೆ ಎಂದುಕೊಂಡೆ. ನಾಳೆ ನಾಡಿದ್ದಾಯಿತು. ಎದುರಿಗೆ ಸಿಕ್ಕಾಗ ಅವರು ನಮಸ್ತೆ ಅನ್ನುತ್ತಿದ್ದರು, ಮೈಥಿಲಿಯ ಓದು ವಿಚಾರಿಸುತ್ತಿದ್ದರು. ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರ ಶಿಳ್ಳೆ ಮಾತ್ರ ನಿಂತುಹೋಗಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತದೆ. ಆ ಸಿಂಫನಿಯನ್ನು ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ.

ಆಮೇಲೆ ಸಿ.ಡಿ. ಬಂತು, ಟೇಪಿನ ಜೊತೆ ನೆರಳೂ ಹೋಯಿತು. ಕಂಪ್ಯೂಟರ್ ಬಂತು. ಹೊಸದಾಗಿ ಸೇರಿದವರು ಕೇಳುವುದನ್ನು ಬಿಟ್ಟು ನೋಡತೊಡಗಿದರು. ಪರದೆಯ ಮೇಲೆ ಗೆರೆ ಎದ್ದಿದ್ದರೆ ಹಾಡು, ಮಲಗಿದ್ದರೆ ಮುಗಿಯಿತು. "ಮೇಡಂ, ಇಲ್ಲೇನೂ ಇಲ್ಲ, ಕಟ್ ಮಾಡ್ಲಾ?" ಎಂದು ಯಾರಾದರೂ ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. "ಗೆರೆ ದೊಡ್ಡದು ಮಾಡಿ ನೋಡಿ," ಅನ್ನುತ್ತಿದ್ದೆ. ಬೆನ್ನ ಹಿಂದೆ ಅವರು ನನಗೆ ಇಟ್ಟ ಹೆಸರು 'ಜರಾ ರುಕೋ ಮೇಡಂ', ಸ್ವಲ್ಪ ತಾಳಿ ಮೇಡಂ. ಆ ಹೆಸರಿನ ಬಗ್ಗೆ ನನಗೆ ಬೇಸರವಿಲ್ಲ.

ಹೋದ ನವೆಂಬರಿನಲ್ಲಿ ಮೈಥಿಲಿ ಆಫೀಸಿನಿಂದ ಬಂದವಳೇ, "ಅಮ್ಮ, ಯೇ ಸುನೋ ನಾ. ನ್ಯೂ ರೆಕಾರ್ಡಿಂಗ್. ನಮ್ಮ ಸ್ಟುಡಿಯೋದಲ್ಲಿ ಸಬ್ ಪಾಗಲ್ ಹೋ ಗಯೇ," ಎಂದು ಫೋನು ತೋರಿಸಿದಳು. ಕೇಳಿದವರಿಗೆಲ್ಲ ಹುಚ್ಚು ಹಿಡಿದಿದೆಯಂತೆ. ಅದೇ ಸಿಂಫನಿಯ ಹೆಸರು ಓದಿ ನನ್ನ ಮುಖ ಬಿಳಚಿಕೊಂಡಿರಬೇಕು. "ಕ್ಯಾ ಹುವಾ?" ಎಂದಳು. ಮೊದಲ ಸಲ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ತನ್ನ ಒಳ್ಳೆಯ ಹೆಡ್‌ಫೋನ್ ತಂದು ಮೇಜಿನ ಮೇಲಿಟ್ಟು ಹೋದಳು.

ಮೂರು ಮಧ್ಯಾಹ್ನ ಕೂತು ಮೂರು ಭಾಗ ಕೇಳಿದೆ. ಕೇಳಿದ್ದು ಹೇಗಿತ್ತೆಂದು ಬರೆಯುತ್ತೇನೆ. ವಿದ್ವಾಂಸರ ಅಭಿಪ್ರಾಯ ಬೇಕಿದ್ದವರು ಬೇರೆ ಕಡೆ ನೋಡಬಹುದು.

ಮೊದಲ ಭಾಗ ತಡವರಿಸುತ್ತಾ ಶುರುವಾಗುತ್ತದೆ. ಒಂದು ವಾದ್ಯ ಎರಡು ಸ್ವರ ನುಡಿಸಿ ಸುಮ್ಮನಾಗುತ್ತದೆ, ಇನ್ನೊಂದು ಅದಕ್ಕೆ ಹೂಂಗುಟ್ಟುತ್ತದೆ. ನಮ್ಮ ಹಳೆಯ ಟೇಪಿನಲ್ಲಿ ಇವೆಲ್ಲ ಒಂದೇ ಕಂಬಳಿಯಡಿ ಮಲಗಿದ್ದವು. ಇಲ್ಲಿ ಯಾರು ಎಲ್ಲಿ ಕೂತಿದ್ದಾರೆಂದು ಬೆರಳಿಟ್ಟು ತೋರಿಸಬಹುದು. ಎಡಗಡೆ ಪಿಟೀಲು, ಬಲಗಡೆಯೂ ಪಿಟೀಲು, ಅವರಿಬ್ಬರ ನಡುವೆ ಮಾತುಕತೆ. ಹನ್ನೆರಡನೆಯ ನಿಮಿಷದಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಕೈ ತಾನಾಗಿ ಪೆನ್ನಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹಾಳೆ ತಿರುವುವ ಸದ್ದು, ದೊಡ್ಡ ಅಬ್ಬರಕ್ಕೆ ಮುಂಚೆ ವಾದ್ಯವೃಂದದ ನಿರ್ದೇಶಕರು ಮೂಗಿನಿಂದ ಎಳೆದ ಉಸಿರು. ಒಂದು ಪುಟ ತುಂಬ ದೋಷ ಬರೆದ ಮೇಲೆ ಹೊಳೆಯಿತು, ಇವನ್ನೆಲ್ಲ ಬೇಕೆಂದೇ ಬಿಟ್ಟಿದ್ದಾರೆ. ನೂರು ಜನ ಒಂದು ಕೋಣೆಯಲ್ಲಿ ಕೂತರೆ ಕುರ್ಚಿ ಕಿರ್ರೆನ್ನದೆ ಇರುತ್ತದೆಯೇ? ಪೆನ್ನು ಮುಚ್ಚಿಟ್ಟೆ.

ಎರಡನೆಯದು ಕುಣಿತ. ರೈತರು ದಪ್ಪ ಚಪ್ಪಲಿ ಹಾಕಿಕೊಂಡು ಕುಣಿದಂತೆ ಬೇಕೆಂದೇ ಒಡ್ಡೊಡ್ಡಾಗಿ ನುಡಿಸಿದ್ದಾರೆ. ಅಡುಗೆಮನೆಗೆ ಹೋಗುವಾಗ ನನ್ನ ಕಾಲೂ ಹಾಗೇ ಬೀಳುತ್ತಿತ್ತೆಂದು ಯಜಮಾನರು ಆಡಿಕೊಂಡರು. ಮೂರನೆಯ ಭಾಗ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಬಹಳ ಅವಸರ. ತುತ್ತೂರಿಯವರೊಬ್ಬರು ಒಂದು ಕಡೆ ಕೂದಲೆಳೆಯಷ್ಟು ತಡವಾಗಿ ಬರುತ್ತಾರೆ. ಮೂರು ಸಲ ಹಿಂದಕ್ಕೆ ಹಾಕಿ ಕೇಳಿ ಖಾತ್ರಿ ಮಾಡಿಕೊಂಡೆ. ಆದರೆ ಆ ಗದ್ದಲದ ನಡುವೆ ಇದ್ದಕ್ಕಿದ್ದಂತೆ ಒಂದು ಶಾಂತವಾದ ರಾಗ ಬರುತ್ತದೆ. ಅದನ್ನು ಕೇಳಿ ಎದ್ದು ನಿಂತೆ. ಅದು ಸೇಠಿ ಸಾಹೇಬರ ಶಿಳ್ಳೆ. ಆರು ವರ್ಷ ದಿನಾ ಅದನ್ನೇ ಕೇಳಿದ್ದೆ, ಆವತ್ತು ಟೇಪಿನಲ್ಲೂ ಕೇಳಿದ್ದೆ, ಎಲ್ಲಿಯದೆಂದು ಗೊತ್ತಾಗಿರಲಿಲ್ಲ.

ನಾಲ್ಕನೆಯ ಭಾಗವನ್ನು ಹಾಕಲಿಲ್ಲ. ಸಂತೋಷ್‌ಗೆ ಫೋನು ಮಾಡಿ ಸಾಹೇಬರ ವಿಳಾಸ ಕೇಳಿದೆ.

ಕಾಲ್ಕಾಜಿಯಲ್ಲಿ ಮೆಟ್ರೋ ಬದಲಾಯಿಸಿ ನಾನೂ ಮೈಥಿಲಿಯೂ ಫರೀದಾಬಾದಿಗೆ ಹೋದೆವು. ಅವರಿಗೀಗ ಎಂಬತ್ತು ದಾಟಿದೆ. ತಾರಸಿಯ ಬಿಸಿಲಿನಲ್ಲಿ ಶಾಲು ಹೊದ್ದು, ಮಡಿಲಲ್ಲಿ ಕಡಲೆಕಾಯಿಯ ಕಾಗದದ ಪೊಟ್ಟಣ ಇಟ್ಟುಕೊಂಡು ಕೂತಿದ್ದರು. ಎರಡೂ ಕಿವಿಗೆ ಮಷೀನು.

"ಬಳೆಯ ಸುಮಿತ್ರಾ ಜೀ," ಎಂದು ನಕ್ಕರು. "ಗಟ್ಟಿಯಾಗಿ ಮಾತಾಡಿ. ನಾನೀಗ ರಿಜೆಕ್ಟ್ ಮಾಲು."

ಕೂರುವ ಮುಂಚೆಯೇ ಹೇಳಿಬಿಟ್ಟೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. "ಸಾರ್, ಆ ಸಿಂಫನಿ ಕತ್ತರಿಸಿದ್ದು ನಾನು. ನಿಮ್ಮನ್ನ ಗೋಡೌನಿಗೆ ಕಳಿಸಿದಾಗ ನಾನು ಬಾಯಿ ಬಿಡಲಿಲ್ಲ. ನಿಮ್ಮ ಕುರ್ಚಿ ಮೇಲೆ ಕೂತೆ. ನನ್ನನ್ನ ಕ್ಷಮಿಸಿ." ಅವರಿಗೆ ಕೇಳಿಸಲೆಂದು ಗಟ್ಟಿಯಾಗಿ ಹೇಳಬೇಕಾಯಿತು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು.

ಅವರು ಒಂದು ಕಡಲೆಕಾಯಿ ಸುಲಿದರು. "ನೀವು ಕತ್ತರಿಸಿದ್ದು ಆವತ್ತೇ ಗೊತ್ತಿತ್ತು. ಚೀಟಿ ಅಂಚಲ್ಲಿ ಒಂದು ಅಕ್ಷರ ಬರೆದಿದ್ರಿ. ಏನದು?"

ಅವರ ಅಂಗೈ ಮೇಲೆ ಬೆರಳಿನಿಂದ ನೆ ಬರೆದೆ. "ನೆರಳು ಸಾರ್. ಛಾಯಾ."

"ಅಚ್ಛಾ," ಎಂದರು. ಅಂಗೈ ನೋಡಿಕೊಂಡು ನಗತೊಡಗಿದರು. "ಅದನ್ನ ನಾನು ನಿಮ್ಮ ಸಹಿಯ ಬಾಲ ಅಂದುಕೊಂಡೆ. ಏನು ಅಂತ ಒಂದು ಮಾತು ಕೇಳಿದ್ದರೆ ಟೇಪು ಹಾಕಿ ನೋಡ್ತಿದ್ದೆ. ಎರಡು ವರ್ಷ ಕಾದು ತರಿಸಿದ ಸಿಂಫನಿ, ಕೇಳದೇ ಸಹಿ ಹಾಕಿದೆ. ಹಾಗಿದ್ದಾಗ ತಪ್ಪು ನಿಮ್ಮದು ಅಂತ ಯಾವ ಬಾಯಲ್ಲಿ ಹೇಳಲಿ? ನಾನು ನಾಚಿಕೆಯಿಂದ ಸುಮ್ಮನಿದ್ದೆ, ನೀವು ಹೆದರಿ ಸುಮ್ಮನಿದ್ದಿರಿ. ಇಬ್ಬರೂ ಮುದುಕರಾದೆವು."

ನನಗೆ ಅಳು ಬಂತು. ಮೈಥಿಲಿ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಾ ಹೋದಳು.

ಆಮೇಲೆ ಅವಳು ತಂದಿದ್ದ ಸ್ಪೀಕರನ್ನು ಅವರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು ನಾಲ್ಕನೆಯ ಭಾಗ ಹಾಕಿದಳು. ನಾನು ಬಳೆ ತೆಗೆದು ಚೀಲದಲ್ಲಿಟ್ಟೆ. ಅದನ್ನು ನೋಡಿ ಅವರು ಹುಬ್ಬು ಹಾರಿಸಿದರು. ಎಲ್ಲ ಪಿಟೀಲುಗಳೂ ಒಟ್ಟಿಗೆ ಎದ್ದು, ತುಂಬಿದ ದನಿಯಲ್ಲಿ ಶುರುಮಾಡುತ್ತವೆ. ಈ ಮುದ್ರಣದಲ್ಲಿ ದಪ್ಪ ತಂತಿಯ ವಾದ್ಯಗಳು ಕಿವಿಗಿಂತ ಮೊದಲು ಕಾಲಿಗೆ ತಿಳಿಯುತ್ತವೆ. ಅಷ್ಟು ಅವರಿಗೂ ಸಿಗುತ್ತಿತ್ತು. ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರು. ಆದರೆ ಸಂಗೀತ ಸಣ್ಣಗಾಗುತ್ತಾ ಬಂದಂತೆ ಬೆರಳುಗಳು ನಿಧಾನವಾದವು. ಕೊನೆಗೆ ಕಣ್ಣು ತೆರೆದರು.

"ಇನ್ನು ನನ್ನ ಕಿವಿಗೆ ಬರೋದಿಲ್ಲ," ಎಂದರು. "ನೀವು ಕೇಳಿ. ಎಲ್ಲಿ ಮುಗಿಯುತ್ತೆ ನೀವೇ ಹೇಳಿ."

ಪಿಟೀಲುಗಳು ನಿಂತವು. ಅದೇ ಮೌನ. ನಾನು ಮುಕ್ತಾಯ ಎಂದು ಬರೆದಿದ್ದ ಜಾಗ. ಸಾಹೇಬರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ, ಇನ್ನೂ ಇದೆ. ಒಂದು ಚೂರು ಬಂತು. ನೆರಳಲ್ಲ, ಇಪ್ಪತ್ತು ಮೂವತ್ತು ಜನ ಉಸಿರು ಬಿಗಿಹಿಡಿದು, ಬಿಲ್ಲನ್ನು ತಂತಿಗೆ ತಾಗಿಸಿಯೂ ತಾಗಿಸದಂತೆ ನುಡಿಸುತ್ತಿದ್ದಾರೆ. ಮತ್ತೆ ಮೌನ. ಕೆಳಗಿನ ಗಲ್ಲಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಮತ್ತೊಂದು ಚೂರು. ಮೈಥಿಲಿಯ ಕೈ ಫೋನಿನ ಕಡೆ ಹೋಯಿತು. "ಜರಾ ರುಕೋ," ಎಂದೆ. ಇನ್ನೊಂದು ಇತ್ತು, ಎರಡೇ ಸ್ವರ. ಅದು ಎಲ್ಲಿ ನಿಂತಿತು, ಬಿಸಿಲು ಎಲ್ಲಿ ಶುರುವಾಯಿತು ಎಂದು ನನ್ನ ಮೂವತ್ತು ವರ್ಷದ ಕಿವಿಗೂ ಹೇಳಲಾಗಲಿಲ್ಲ. ಆದ್ದರಿಂದ ಇನ್ನೂ ಸ್ವಲ್ಪ ಕಾದೆ. ಸಾಹೇಬರೂ ಕಾದರು.

"ಈಗ ಮುಗೀತು ಸಾರ್," ಎಂದೆ.

ಅವರು ಎದೆಯ ಜೇಬಿನಿಂದ ಪೆನ್ನು ತೆಗೆದರು. ಕಡಲೆಕಾಯಿಯ ಪೊಟ್ಟಣವನ್ನು ಬಿಡಿಸಿ, ಮಡಿಲ ಮೇಲೆ ಸಾಫು ಮಾಡಿ, ಅದರ ಅಂಚಿಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು.